ಆರು ವರ್ಷ ಜೂಡೋ, ಬೀಳುವುದು ಮಾತ್ರ ಒಂದೇ ರೀತಿ. ನಮ್ಮ ತಪ್ಪು ನಾವೇ ಹಿಡಿಯುವುದು ಹೇಗೆ?

ಕಂದು_ಬೆಲ್ಟು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 36 ವರ್ಷ. 30ಕ್ಕೆ ಜೂಡೋ ಶುರು ಮಾಡಿದೆ. ವಾರಕ್ಕೆ ಮೂರು ದಿನ ಕೆಲಸ ಮುಗಿಸಿ, ಟ್ರಾಫಿಕ್ ದಾಟಿ, ಏಳೂವರೆಗೆ ಮ್ಯಾಟ್ ಮೇಲೆ ಇರುತ್ತೇನೆ. 81 ಕೆ.ಜಿ. ವಿಭಾಗ. ನನ್ನ ನೆಚ್ಚಿನ ಎಸೆತ ಸೆಯೋಇ ನಾಗೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಎದುರಾಳಿಯ ತೋಳು ಹಿಡಿದು, ಗಿರಕ್ಕನೆ ತಿರುಗಿ, ಅವನನ್ನು ಬೆನ್ನ ಮೇಲೆ ಹಾಕಿಕೊಂಡು ಮುಂದಕ್ಕೆ ಒಗೆಯುವುದು. ಲಾರಿಯಿಂದ ಅಕ್ಕಿ ಮೂಟೆ ಇಳಿಸಿದ ಹಾಗೆ.

ಹೋದ ತಿಂಗಳು ಒಂದು ಟೂರ್ನಮೆಂಟಿನಲ್ಲಿ ಮೊದಲ ಸುತ್ತಿನಲ್ಲೇ ಸೋತೆ. ಒಂದೂವರೆ ನಿಮಿಷಕ್ಕೆ ಆಟ ಖಲಾಸ್. ಒಸೋತೋ ಗಾರಿ. ಅಂದರೆ ನನ್ನ ಬಲಗಾಲನ್ನು ಹಿಂದಿನಿಂದ ತನ್ನ ಕಾಲಿನಲ್ಲಿ ಗುಡಿಸಿ ಬೆನ್ನು ನೆಲಕ್ಕೆ ಹಾಕಿದ. ಇಪ್ಪೋನ್, ಅಂದರೆ ಪೂರ್ತಿ ಪಾಯಿಂಟ್, ಆಟ ಅಲ್ಲಿಗೇ ಮುಗಿಯಿತು. ಮನೆಗೆ ಬಂದು ಹಿಂದಿನದೆಲ್ಲ ನೆನಪು ಮಾಡಿಕೊಂಡೆ. ಅದರ ಹಿಂದಿನ ಸೋಲೂ ಒಸೋತೋ ಗಾರಿ. ಅದಕ್ಕೂ ಹಿಂದಿನದು? ಅದೂ ಅದೇ. ಕ್ಲಬ್ಬಿನಲ್ಲೂ ಜಾಸ್ತಿ ಸಲ ಬೀಳುವುದು ಅದಕ್ಕೇ.

ನಾನು ಡೈರಿ ಬರೆಯುವವನು. 14 ತಿಂಗಳಿಂದ ಬರೆಯುತ್ತಿದ್ದೇನೆ, ಒಟ್ಟು 61 ದಿನದ ಬರಹ ಇದೆ. ಮೊನ್ನೆ ಭಾನುವಾರ ಕಾಫಿ ಇಟ್ಟುಕೊಂಡು ಪೂರ್ತಿ ಓದಿದೆ. ಅದರಲ್ಲಿ ಇರುವುದು ಹೀಗೆ:

"ದಮ್ಮು ಸಾಲಲಿಲ್ಲ."
"ಅವನ ತೂಕ ನನಗಿಂತ ಜಾಸ್ತಿ."
"ಆಫೀಸ್ ಟೆನ್ಷನ್, ಗಮನ ಇರಲಿಲ್ಲ."
"ಇನ್ನೂ ಚುರುಕಾಗಬೇಕು."

ಪೆನ್ಸಿಲ್ ಹಿಡಿದು ಎಣಿಸಿದೆ. 'ದಮ್ಮು' 23 ಸಲ ಬಂದಿದೆ. 'ಬಲಗಾಲು' ಒಂದು ಸಲವೂ ಇಲ್ಲ. ಬೀಳುವುದು ಬಲಗಾಲಿನ ಮೇಲೆ, ಬರೆಯುವುದು ದಮ್ಮಿನ ಬಗ್ಗೆ. ಇದು ಡೈರಿಯೋ, ಸ್ಕೂಲಿಗೆ ಕೊಡುವ ರಜಾ ಚೀಟಿಯೋ ಅಂತ ನನಗೇ ಅನುಮಾನ ಬಂತು. ಬರೆಯುವಾಗ ಮಾತ್ರ ತುಂಬಾ ಪ್ರಾಮಾಣಿಕವಾಗಿ ಬರೆಯುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ. ಅದೇ ಭಯ ಆಗುತ್ತಿರುವುದು.

ನೀವೆಲ್ಲ ನಿಮ್ಮನ್ನು ಹೇಗೆ ನೋಡಿಕೊಳ್ಳುತ್ತೀರಿ? ಕರಾಟೆ, ಕುಸ್ತಿ, ಬಾಕ್ಸಿಂಗ್, ಯಾವುದಾದರೂ ಸರಿ.

(ಯಾರಾದರೂ 'ಮೊದಲು ಅಹಂಕಾರ ಬಿಡಿ' ಅಂತ ಬರೆಯುವ ಮುಂಚೆ ಹೇಳಿಬಿಡುತ್ತೇನೆ. ವಾರಕ್ಕೆ ಮೂರು ದಿನ ಕಾಲೇಜು ಹುಡುಗರ ಕೈಲಿ ನೆಲ ಕಾಣುತ್ತೇನೆ. ಬಿಡೋಕೆ ಏನೂ ಉಳಿದಿಲ್ಲ.)

ಕಡ್ಲೆಪುರಿ

ಬಲಗಾಲನ್ನು ಮನೆಯಲ್ಲೇ ಬಿಟ್ಟು ಹೋಗಿ ಸಾರ್.

ಗರಡಿ_ಮಣ್ಣು, ಮೈಸೂರು

ತಮ್ಮಾ, ಜೂಡೋ ನನಗೆ ಗೊತ್ತಿಲ್ಲ. ಕುಸ್ತಿ ಗೊತ್ತು. 22 ವರ್ಷ ಸಾಮು ಮಾಡಿದ್ದೇನೆ. ಈಗ ಮಂಡಿ ಕೈಕೊಟ್ಟಿದೆ, ಬೆಳಗ್ಗೆ ಹೊತ್ತು ಹುಡುಗರಿಗೆ ನಾಲ್ಕು ಪಟ್ಟು ಹೇಳಿಕೊಡುತ್ತೇನೆ.

ನಮ್ಮ ವಸ್ತಾದರಿಗೆ, ಅಂದರೆ ಗರಡಿಯ ಗುರುಗಳಿಗೆ, ಓದು ಬರಹ ಅಷ್ಟಕ್ಕಷ್ಟೇ. ಡೈರಿ ಎಲ್ಲಿಂದ ಬರಬೇಕು. ಆದರೆ ಅವರದ್ದೊಂದು ಪದ್ಧತಿ ಇತ್ತು. ಕುಸ್ತಿ ಮುಗಿದ ಮೇಲೆ ಯಾರೂ ತಕ್ಷಣ ಮೈ ತೊಳೆಯುವ ಹಾಗಿಲ್ಲ. ಮಟ್ಟಿಯ, ಅಂದರೆ ಕುಸ್ತಿ ಆಡುವ ಮಣ್ಣಿನ ಅಂಕಣದ, ಪಕ್ಕ ಸಾಲಾಗಿ ನಿಲ್ಲಬೇಕು. ಗರಡಿ ಒಳಗೆ ಬೆಳಕು ಕಮ್ಮಿ, ಬಾಗಿಲೂ ಗಿಡ್ಡ. ಅದಕ್ಕೆ ಒಬ್ಬೊಬ್ಬರನ್ನೇ ಬಾಗಿಲ ಹತ್ತಿರ ಕರೆದು, ಹಿಂದೆ ಮುಂದೆ ತಿರುಗಿಸಿ, ಮೈ ಮೇಲಿನ ಮಣ್ಣು ನೋಡುತ್ತಿದ್ದರು.

ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿರುತ್ತೇವೆ. ಕುಸ್ತಿಗೆ ಮುಂಚೆ ಜಾರದಿರಲಿ ಅಂತ ನಾವೇ ಮೈಗೆ ಹಚ್ಚಿಕೊಳ್ಳುತ್ತೇವೆ. ಅದು ತೆಳುವಾಗಿ ಪುಡಿಪುಡಿ ಇರುತ್ತದೆ. ಬಿದ್ದು ಮೆತ್ತಿಕೊಂಡಿದ್ದು ಬೇರೆ. ಅದು ಬೆವರಿನ ಜೊತೆ ಹೆಪ್ಪುಗಟ್ಟಿ ಕೂತಿರುತ್ತದೆ, ಉಗುರಲ್ಲಿ ಕೆರೆದರೂ ಬರಲ್ಲ. ವಸ್ತಾದರು ಅದನ್ನು ಮುಟ್ಟಿ ನೋಡಿ ಹೇಳುವರು. "ಬಲ ಮಂಡೀಲಿ ಇಷ್ಟು, ಎಡ ಮಂಡೀಲಿ ಏನೂ ಇಲ್ಲ. ಯಾವಾಗ್ಲೂ ಒಂದೇ ಮಂಡಿ ಊರ್ತೀಯ. ನಾಳೆಯಿಂದ ಎಡ ಮಂಡಿಗೆ ಮಣ್ಣು ಮಾಡ್ಕೊಂಡು ಬಾ." ಅಷ್ಟೇ. ಒಂದು ವಾರ ಬೇರೆ ಮಾತೇ ಇಲ್ಲ.

ಅವರು ನಮ್ಮ ಕುಸ್ತಿ ನೋಡುತ್ತಲೇ ಇರಲಿಲ್ಲ ಎಷ್ಟೋ ದಿನ. ಅಲ್ಲಿ ಮೂಲೆಯಲ್ಲಿ ಕೂತು ಯಾರಿಗೋ ಭುಜ ಉಳುಕಿದ್ದಕ್ಕೆ ಎಣ್ಣೆ ತಿಕ್ಕುತ್ತಿದ್ದರು. ಮಣ್ಣು ನೋಡಿದರೆ ಸಾಕು.

ನಿಮ್ಮ ಡೈರಿ ಬರೆದವನು ಯಾರು? ಬಿದ್ದವನೇ ಅಲ್ವಾ? ಬಿದ್ದವನಿಗೆ ಆಕಾಶ ಕಂಡಿರುತ್ತದೆ, ಕಾಲು ಕಂಡಿರುವುದಿಲ್ಲ. ನಿಮ್ಮ ಮ್ಯಾಟ್ ಮೇಲೆ ಮಣ್ಣಿಲ್ಲ, ಅದೇ ತೊಂದರೆ.

ಕಂದು_ಬೆಲ್ಟು, ಬೆಂಗಳೂರು

ಅಣ್ಣಾ, ಆಕಾಶದ ಮಾತು ನಾಟಿತು. ನಿಜವಾಗಿ ನನಗೆ ನೆನಪಿರುವುದು ಸ್ಟೇಡಿಯಂ ಚಾವಣಿಯ ಟ್ಯೂಬ್ ಲೈಟು.

ಕಟಾ_ಟೀಚರ್, ಶಿವಮೊಗ್ಗ

ನಾನು ಶೋತೋಕಾನ್ ಕರಾಟೆ. ಮಕ್ಕಳಿಗೆ ಕಲಿಸುತ್ತೇನೆ. ಶೋತೋಕಾನ್ ಕಟ್ಟಿದ ಗಿಚಿನ್ ಫುನಾಕೋಶಿ ಅವರ 20 ಸೂತ್ರಗಳಲ್ಲಿ ನಾಲ್ಕನೆಯದು ಮೊದಲು ನಿನ್ನನ್ನು ತಿಳಿದುಕೋ, ಆಮೇಲೆ ಎದುರಿನವನನ್ನು ಅನ್ನುವ ಅರ್ಥದ್ದು. ಗೋಡೆಗೆ ಬರೆಸಿ ಹಾಕಿದ್ದೇನೆ. ಬರೆಸಿದ ಮೇಲೂ ಅದನ್ನು ಮಾಡುವುದು ಹೇಗೆ ಅಂತ ನನಗೆ ಹತ್ತು ವರ್ಷ ಗೊತ್ತಿರಲಿಲ್ಲ. ಗೊತ್ತಾಗಿದ್ದು ಒಂದು ಸೀಮೆಸುಣ್ಣದಿಂದ.

ಕಟಾ ಅಂದರೆ ಒಬ್ಬರೇ ಗೊತ್ತಾದ ಕ್ರಮದಲ್ಲಿ ಮಾಡುವ ಚಲನೆಗಳ ಸರಣಿ. ಹೇಯಾನ್ ಶೋದಾನ್ ಅಂತ ಮೊದಲ ಕಟಾ ಇದೆ. 21 ಚಲನೆ. ಎಲ್ಲಿ ಶುರು ಮಾಡುತ್ತೇವೋ ಅಲ್ಲೇ ಮುಗಿಯಬೇಕು. ಒಂದು ದಿನ ಮಕ್ಕಳಿಗೆ ಆಟದ ಹಾಗೆ ಮಾಡಿಸೋಣ ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಮೊದಲು ನಾನೇ ಮಾಡಿ ತೋರಿಸಿದೆ. ಮುಗಿಸಿ ಕೆಳಗೆ ನೋಡಿದರೆ ಗೆರೆ ನನ್ನ ಹಿಂದೆ ಒಂದಡಿ ದೂರ ಇದೆ. ಮಕ್ಕಳು ಕಿಸಕ್ಕನೆ ನಕ್ಕವು. ಇನ್ನೊಂದು ಸಲ ಮಾಡಿದೆ. ಮತ್ತೆ ಒಂದಡಿ. ಅದೇ ಕಡೆ.

ಮನೆಗೆ ಹೋಗಿ ಅಂಗಳದಲ್ಲಿ ಹೆಜ್ಜೆಹೆಜ್ಜೆಗೂ ಗೆರೆ ಎಳೆದು ನೋಡಿದೆ. ಈ ಕಟಾದಲ್ಲಿ ಮುಂದಕ್ಕೆ ಹೋಗುವಾಗ ಮೂರು ಹೆಜ್ಜೆ ತಡೆ, ವಾಪಸ್ ಬರುವಾಗ ಮೂರು ಹೆಜ್ಜೆ ಗುದ್ದು. ತಡೆಯುವಾಗ ನನ್ನ ಹೆಜ್ಜೆ ಉದ್ದ. ಗುದ್ದುವಾಗ ಗಿಡ್ಡ. ಅಂದರೆ ಗುದ್ದುವ ಅವಸರಕ್ಕೆ ಕಾಲು ಪೂರ್ತಿ ಬರುವ ಮುಂಚೆಯೇ ಕೈ ಹೊರಟುಬಿಡುತ್ತಿತ್ತು. ಕುಮಿತೆಯಲ್ಲಿ, ಅಂದರೆ ಎದುರಾಳಿಯ ಜೊತೆ ಆಡುವಾಗ, ನನ್ನ ಗುದ್ದು ಯಾವಾಗಲೂ ಎರಡು ಬೆರಳು ಕಮ್ಮಿ ಬೀಳುತ್ತಿದ್ದದ್ದು ಯಾಕೆ ಅಂತ ಅವತ್ತು ಗೊತ್ತಾಯಿತು. ಅಲ್ಲಿಯವರೆಗೆ ನನ್ನ ಕೈ ಗಿಡ್ಡ ಅಂತ ನಂಬಿದ್ದೆ. ನಿಜವಾಗ್ಲೂ!

ಕಂದು ಬೆಲ್ಟು ಅವರೇ, ನಿಮಗೂ ಒಂದು ಗೆರೆ ಬೇಕು ಅನಿಸುತ್ತದೆ. ನಿಮ್ಮ ಅಭಿಪ್ರಾಯ ಏನೇ ಇದ್ದರೂ ತನ್ನ ಜಾಗ ಬಿಟ್ಟು ಕದಲದ್ದು.

ಹುಬ್ಬಳ್ಳಿ_ಗುದ್ದು

ಎಲ್ಲರಿಗೂ ಸಿಟ್ಟು ಬಂದರೂ ಪರವಾಗಿಲ್ಲ, ಹೇಳುತ್ತೇನೆ ರೀ. ಇದೆಲ್ಲ ಅತಿಯಾಯಿತು.

ನಾನು ಬಾಕ್ಸಿಂಗ್. ಮೂರು ವರ್ಷದ ಹಿಂದೆ ನನಗೂ ಈ ಹುಚ್ಚು ಹಿಡಿದಿತ್ತು. ಪ್ರತಿ ಸ್ಪಾರಿಂಗ್ ಆದ ಮೇಲೆ ತಪ್ಪುಗಳ ಪಟ್ಟಿ. ಗದ್ದ ಮೇಲೆ ಬಂತು, ಕಾಲು ಅಡ್ಡ ಬಂತು, ಬಲಗೈ ಇಳಿಯಿತು. ಹನ್ನೆರಡು ಹದಿಮೂರು ತಪ್ಪು ತಲೆಯಲ್ಲಿ ಹೊತ್ತುಕೊಂಡು ರಿಂಗಿಗೆ ಇಳಿಯುವುದು. ಪರಿಣಾಮ ಏನು? ಗುದ್ದುವುದೇ ನಿಂತುಹೋಯಿತು. ಕೈ ಎತ್ತುವ ಮುಂಚೆ 'ಈಗ ಗದ್ದ ಎಲ್ಲಿದೆ' ಅಂತ ಯೋಚನೆ. ಅಷ್ಟರಲ್ಲಿ ಎದುರಿನವನ ಜ್ಯಾಬ್ ಮೂಗಿನ ಮೇಲೆ.

ನಮ್ಮ ಕೋಚ್ ಪಟ್ಟಿ ಹರಿದು ಬಿಸಾಕಿ, "ಬಲಗೈಲೆ ನಿನ್ನ ಕಿವಿ ನೀನೇ ಹಿಡಕೊ, ಎಡಗೈಲೆ ಹೊಡಿ" ಅಂದರು. ಹದಿನೈದು ದಿನ ಸ್ಕೂಲಿನಲ್ಲಿ ಶಿಕ್ಷೆ ಕೊಟ್ಟ ಹಾಗೆ ಬಲಗಿವಿ ಹಿಡಿದುಕೊಂಡು ಜ್ಯಾಬ್ ಹಾಕಿದೆ. ಜಿಮ್ಮಿನ ತುಂಬ ನಗು. ಆದರೆ ಬಲಗೈ ಇಳಿಯುವುದು ನಿಂತಿತು. ಆತ್ಮಪರೀಕ್ಷೆಯಿಂದ ಅಲ್ಲ, ಕಿವಿಯಿಂದ.

ಮೈಸೂರಿನವರು ಇದ್ದೀರಲ್ಲ, ನಿಮ್ಮ ವಜ್ರಮುಷ್ಟಿ ಕಾಳಗವನ್ನೇ ತೆಗೆದುಕೊಳ್ಳಿ. ವಿಜಯದಶಮಿ ದಿನ ಅರಮನೆಯಲ್ಲಿ ಜಟ್ಟಿಗಳು ಇಳಿಯುತ್ತಾರೆ, ಒಬ್ಬನ ತಲೆಯಿಂದ ರಕ್ತ ಬಂದ ಕೂಡಲೇ ಮುಗಿಯಿತು. ಅಲ್ಲಿ ಯಾರು ತನ್ನನ್ನು ತಾನು ನೋಡಿಕೊಳ್ಳುತ್ತಾ ನಿಲ್ಲುತ್ತಾನೆ?

ಕಟಾ_ಟೀಚರ್, ಶಿವಮೊಗ್ಗ

ಗುದ್ದು ಅವರೇ, ನಿಮ್ಮ ಕೋಚ್ ನಿಮ್ಮ ಬಲಗೈಯನ್ನೇ ಯಾಕೆ ಆರಿಸಿದರು? ಹನ್ನೆರಡು ತಪ್ಪಿನಲ್ಲಿ ಒಂದನ್ನು ಯಾರೋ ನೋಡಿ ಹೆಕ್ಕಿದ್ದಾರೆ ಅಲ್ವಾ? ಕಿವಿ ಆಮೇಲೆ ಬಂದಿದ್ದು.

ಹುಬ್ಬಳ್ಳಿ_ಗುದ್ದು

ಹೆಕ್ಕಿದ್ದು ಕೋಚ್, ನಾನಲ್ಲ. ಅದೇ ನಾನು ಹೇಳುತ್ತಿರುವುದು. ನಮ್ಮನ್ನು ನಾವು ನೋಡಿಕೊಂಡರೆ ಹನ್ನೆರಡು ಕಾಣುತ್ತವೆ. ಬೇರೆಯವರು ನೋಡಿದರೆ ಒಂದು ಕಾಣುತ್ತದೆ.

ಕಟಾ_ಟೀಚರ್, ಶಿವಮೊಗ್ಗ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಳ್ಳೆಯ ಮಾತು.

ಬಿಳಿ_ಬೆಲ್ಟು_ಅಮ್ಮ, ಮಂಗಳೂರು

ನಾನು ಇಲ್ಲಿ ಮಾತಾಡಬಹುದಾ ಗೊತ್ತಿಲ್ಲ. 41ಕ್ಕೆ ಟೇಕ್ವಾಂಡೋ ಸೇರಿದೆ, ಮಗಳ ಜೊತೆ. ಎಂಟು ತಿಂಗಳಾಯಿತು. ನಮ್ಮ ಸಾರ್ ದಿನಾ ಕ್ಲಾಸ್ ಆದ ಮೇಲೆ ಬರೆಯಿರಿ ಅಂದಿದ್ದಾರೆ. ಕಂದು ಬೆಲ್ಟು ಅವರದ್ದು ನೆಪದ ಡೈರಿ ಆದರೆ ನನ್ನದು ಬೈಗುಳದ ಡೈರಿ. "ನನ್ನ ಕೈಲಿ ಆಗಲ್ಲ." "ಎಲ್ಲರ ಮುಂದೆ ಮರ್ಯಾದೆ ಹೋಯಿತು." "ಹೆದರುಪುಕ್ಕಲಿ." ಮೊನ್ನೆ ಮಗಳು ಓದಿ, "ಅಮ್ಮ, ಇದನ್ನ ನನಗೆ ಯಾರಾದ್ರೂ ಹೇಳಿದ್ರೆ ನೀನು ಸುಮ್ನೆ ಇರ್ತಿದ್ಯಾ?" ಅಂದಳು. ಆಮೇಲೆ ಎರಡು ವಾರ ಕ್ಲಾಸಿಗೆ ಹೋಗಿಲ್ಲ.

ಕಟಾ_ಟೀಚರ್, ಶಿವಮೊಗ್ಗ

ಅಕ್ಕಾ, ಮಾತಾಡಬಹುದಾ ಅಂತ ಕೇಳುವುದೇ ಬೇಡ. ಮಗಳು ಜಾಣೆ.

ನನ್ನ ಮಕ್ಕಳಿಗೆ ಒಂದು ನಿಯಮ ಮಾಡಿದ್ದೇನೆ, ನೀವೂ ಮಾಡಿ ನೋಡಿ. ಬರೆಯುವ ಪ್ರತಿ ಸಾಲಿನಲ್ಲೂ ಮೈಯ ಒಂದು ಭಾಗದ ಹೆಸರು ಇರಲೇಬೇಕು. 'ಹೆದರಿದೆ' ಅಂತ ಬರೆಯುವ ಹಾಗಿಲ್ಲ. ಹೆದರಿದಾಗ ಮೈ ಏನು ಮಾಡಿತು? 'ಒದೆ ಬರುವಾಗ ಕಣ್ಣು ಮುಚ್ಚಿದೆ' ಅಂತ ಬರೆಯಿರಿ. 'ಕೈಲಾಗಲ್ಲ' ಅನ್ನುವುದಕ್ಕೆ ಅಭ್ಯಾಸ ಇಲ್ಲ. ಕಣ್ಣು ಮುಚ್ಚುವುದಕ್ಕೆ ಇದೆ. ಮಗಳು ಮೆತ್ತನೆಯ ದಿಂಬು ಎಸೆಯಲಿ, ನೀವು ಕಣ್ಣು ತೆರೆದು ಅದು ಮುಖಕ್ಕೆ ಬರುವುದನ್ನು ನೋಡಿ. ದಿನಾ ಇಪ್ಪತ್ತು ಸಲ. ಅವಳಿಗೂ ಖುಷಿ.

ಒಬ್ಬ ಹುಡುಗ ಈ ನಿಯಮಕ್ಕೆ 'ಹೊಟ್ಟೆ ಹಸಿದಿತ್ತು' ಅಂತ ಬರೆದು ತಂದಿದ್ದ. ನಿಯಮದ ಪ್ರಕಾರ ಸರಿಯೇ. ಪಾಸ್ ಮಾಡಿದೆ.

ಬಿದಿರು_ಕತ್ತಿ, ನಗೋಯಾ

ಹಾಸನದವನು, ಜಪಾನಿನಲ್ಲಿ ಒಂಬತ್ತು ವರ್ಷ. ಇಲ್ಲಿ ಬಂದ ಮೇಲೆ ಕೆಂಡೋ ಕಲಿತೆ. ಬಿದಿರಿನ ಕತ್ತಿ, ಮುಖಕ್ಕೆ ಕಬ್ಬಿಣದ ಜಾಲರಿ, ಬೇಸಿಗೆಯಲ್ಲಿ ಒಳಗೆ ಇಡ್ಲಿ ಬೆಂದ ಹಾಗೆ ಬೇಯುವುದು.

ಇಲ್ಲಿ 'ಹನ್ಸೇ' ಅನ್ನುವ ಮಾತು ದಿನಾ ಕಿವಿಗೆ ಬೀಳುತ್ತದೆ. ಹಿಂತಿರುಗಿ ನೋಡಿಕೊಳ್ಳುವುದು ಅಂತ ಅರ್ಥ. ಸಣ್ಣ ಮಕ್ಕಳಿಗೆ ಸ್ಕೂಲಿನಲ್ಲಿ ಹೇಳುತ್ತಾರೆ, ಫ್ಯಾಕ್ಟರಿಯಲ್ಲೂ ಹೇಳುತ್ತಾರೆ. ನಾನು ಕೆಲಸ ಮಾಡುವುದು ಕಾರಿನ ಬಿಡಿಭಾಗ ತಯಾರಿಸುವ ಕಡೆ. ಒಂದು ಕೆಲಸ ಚೆನ್ನಾಗಿ, ಹೇಳಿದ ದಿನಕ್ಕೆ ಮುಗಿದರೂ ಹನ್ಸೇ ಮೀಟಿಂಗ್ ಇರುತ್ತದೆ. ಮೊದಲ ವರ್ಷ ನನಗೆ ತಲೆಬುಡ ಅರ್ಥ ಆಗಿರಲಿಲ್ಲ. ಎಲ್ಲ ಸರಿಹೋಗಿದೆಯಲ್ಲ, ಇನ್ನೇನು ನೋಡುವುದು? ಸಿಹಿ ಹಂಚಬೇಕು ತಾನೆ?

ಆಮೇಲೆ ಡೋಜೋದಲ್ಲಿ, ಅಂದರೆ ಅಭ್ಯಾಸ ಮಾಡುವ ಜಾಗದಲ್ಲಿ, ಗೊತ್ತಾಯಿತು. ಕೆಂಡೋದಲ್ಲಿ ಪಾಯಿಂಟ್ ಸಿಕ್ಕಿತು ಅಂತ ಕೈ ಎತ್ತಿ ಕುಣಿದರೆ ಆ ಪಾಯಿಂಟನ್ನೇ ವಾಪಸ್ ತೆಗೆದುಕೊಳ್ಳಬಹುದು. ಹೊಡೆದ ಮೇಲೂ ಎಚ್ಚರ ಇರಬೇಕು, ಅದಕ್ಕೆ 'ಜಾನ್ಶಿನ್' ಅನ್ನುತ್ತಾರೆ. ನಾನು ಒಂದು ಸಲ ಒಬ್ಬ ಹಿರಿಯರ ತಲೆಗೆ ಚೆನ್ನಾಗಿ ಹೊಡೆದೆ. ತರಗತಿ ಮುಗಿದ ಮೇಲೆ ಇಲ್ಲಿ ಒಂದು ಪದ್ಧತಿ. ಎಲ್ಲರೂ ಮಂಡಿಯೂರಿ ಕೂತು, ಕಣ್ಣು ಮುಚ್ಚಿ, ಒಂದು ನಿಮಿಷ ಸುಮ್ಮನಿರುತ್ತೇವೆ. ಆಮೇಲೆ ಯಾರ ಜೊತೆ ಆಡಿದೆವೋ ಅವರ ಮುಂದೆ ಹೋಗಿ ಬಗ್ಗಿ ನಮಸ್ಕರಿಸುತ್ತೇವೆ, ಅವರು ಒಂದು ಮಾತು ಹೇಳುತ್ತಾರೆ. ಆ ಹಿರಿಯರು ಕೇಳಿದ್ದು: "ಆ ಹೊಡೆತ ಹೇಗೆ ಬಂತು?" ನನಗೆ ಉತ್ತರ ಗೊತ್ತಿರಲಿಲ್ಲ. "ಹಾಗಾದರೆ ಅದು ಇನ್ನೂ ನಿಮ್ಮದಲ್ಲ" ಅಂದು ನಕ್ಕರು. ಅವರಿಗೆ 74 ವರ್ಷ.

ಕಂದು ಬೆಲ್ಟು ಅವರೇ, ಒಂದು ಲೆಕ್ಕ. 14 ತಿಂಗಳು, ವಾರಕ್ಕೆ ಮೂರು ದಿನ. ಸುಮಾರು 180 ದಿನ ಆಯಿತು. ನೀವು ಬರೆದಿರುವುದು 61. ಮಿಕ್ಕ ದಿನ ಏನಾಗಿತ್ತು? ಗೆದ್ದ ದಿನ ಬರೆಯಲಿಲ್ಲ, ಅಲ್ವಾ?

ಕಂದು_ಬೆಲ್ಟು, ಬೆಂಗಳೂರು

ಸಿಕ್ಕಿಬಿದ್ದೆ. ಚೆನ್ನಾಗಿ ಆಡಿದ ದಿನ ಗೆಳೆಯರ ಜೊತೆ ಮಸಾಲೆ ದೋಸೆ ತಿನ್ನಲು ಹೋಗುತ್ತೇನೆ. ಬರೆಯುವುದು ಬಿದ್ದ ದಿನ ಮಾತ್ರ.

ಲೈಬ್ರರಿ_ಇಲಿ, ಧಾರವಾಡ

ಆಡುವುದಿಲ್ಲ, ಓದುತ್ತೇನೆ ಅಷ್ಟೇ. ಹುಬ್ಬಳ್ಳಿಯವರ ವಾದಕ್ಕೂ ಟೀಚರ್ ವಾದಕ್ಕೂ ಜೂಡೋ ಕಟ್ಟಿದ ಮನುಷ್ಯನ ಕಥೆಯಲ್ಲೇ ಜಾಗ ಇದೆ.

ಜಿಗೋರೋ ಕಾನೋ ಹುಟ್ಟಿದ್ದು 1860ರಲ್ಲಿ. ಗಿಡ್ಡ ಆಳು. 1882ರಲ್ಲಿ ತೋಕಿಯೋದ ಒಂದು ದೇವಸ್ಥಾನದಲ್ಲಿ 12 ಚಾಪೆಯ ಜಾಗದಲ್ಲಿ ಕೋಡೋಕಾನ್ ಅನ್ನುವ ತಮ್ಮ ಜೂಡೋ ಶಾಲೆ ಶುರು ಮಾಡಿದರು. ಅದಕ್ಕೆ ಮುಂಚೆ ಕಾಲೇಜು ಹುಡುಗನಾಗಿದ್ದಾಗ ಫುಕುದಾ ಅನ್ನುವ ಗುರುವಿನ ಹತ್ತಿರ ಜುಜುತ್ಸು ಅನ್ನುವ ಜಪಾನಿನ ಹಳೆಯ ಮಲ್ಲವಿದ್ಯೆ ಕಲಿಯುತ್ತಿದ್ದರು. ಒಂದು ದಿನ ಗುರು ಅವರನ್ನು ಎಸೆದರು. ಕಾನೋ ಎದ್ದು, ಇದರಲ್ಲಿ ಕೈ ಹೇಗೆ, ಕಾಲು ಹೇಗೆ ಅಂತ ಕೇಳಿದರು. ಗುರು, ಬಾ ಅಂತ ಕರೆದು ಮತ್ತೆ ಎಸೆದರು. ಮತ್ತೆ ಕೇಳಿದರು. ಮತ್ತೆ ಎಸೆತ. ಕೇಳಿ ಅರ್ಥ ಮಾಡಿಕೊಳ್ಳುವುದಲ್ಲ, ಬಿದ್ದು ಬಿದ್ದು ಕಲಿಯುವುದು ಅನ್ನುವುದು ಗುರುವಿನ ಮಾತು. ಇದು ಹುಬ್ಬಳ್ಳಿಯವರ ಪಾಲು.

ಅದೇ ಡೋಜೋದಲ್ಲಿ ಫುಕುಶಿಮಾ ಅಂತ ಒಬ್ಬ ದಡಿಯ ಇದ್ದ. ಕಾನೋಗೆ ಅವನನ್ನು ಏನು ಮಾಡಿದರೂ ಅಲ್ಲಾಡಿಸಲು ಆಗುತ್ತಿರಲಿಲ್ಲ. ಕಾನೋ ಏನು ಮಾಡಿದರು? ಸುಮೋ ಪಟ್ಟು ಹಾಕಿ ನೋಡಿದರು, ನಡೆಯಲಿಲ್ಲ. ಗ್ರಂಥಾಲಯಕ್ಕೆ ಹೋಗಿ ಪಾಶ್ಚಾತ್ಯ ಕುಸ್ತಿಯ ಪುಸ್ತಕ ಹುಡುಕಿ ಓದಿದರು. ಅದರಿಂದ ಒಂದು ಪಟ್ಟು ತಯಾರು ಮಾಡಿಕೊಂಡು ಬಂದು ಫುಕುಶಿಮಾನನ್ನು ಭುಜದ ಮೇಲೆ ಎತ್ತಿ ಕೆಡವಿದರು. ಅದಕ್ಕೆ ಈಗ ಕಾತಾ ಗುರುಮಾ ಅನ್ನುತ್ತಾರೆ. ನನಗೆ ಇಷ್ಟವಾಗುವುದು ಏನೆಂದರೆ, ಅವರು 'ನನಗೆ ಶಕ್ತಿ ಸಾಲದು' ಅಂತ ತೀರ್ಮಾನ ಮಾಡಲಿಲ್ಲ. ಅದು ನಿಜವೇ ಆಗಿತ್ತು, ಆದರೂ ಮಾಡಲಿಲ್ಲ. ನನಗೆ ಗೊತ್ತಿರುವ ಪಟ್ಟುಗಳಲ್ಲಿ ಇವನಿಗೆ ಆಗುವಂಥದ್ದು ಇಲ್ಲ ಅನ್ನುವಲ್ಲಿಗೆ ಬಂದು ನಿಂತರು. ಮೊದಲನೆಯದಕ್ಕೆ ಮನೆಯಲ್ಲಿ ಕೂತು ಬೇಜಾರು ಮಾಡಿಕೊಳ್ಳಬಹುದು. ಎರಡನೆಯದಕ್ಕೆ ಲೈಬ್ರರಿಗೆ ಹೋಗಬಹುದು.

(ಲೈಬ್ರರಿ ಬಗ್ಗೆ ನನಗೆ ಪಕ್ಷಪಾತ ಇದೆ, ಒಪ್ಪಿಕೊಳ್ಳುತ್ತೇನೆ.)

ಗರಡಿ_ಮಣ್ಣು, ಮೈಸೂರು

ಇಲಿಯವರೇ, ನೀವು ಹೇಳಿದ ಪಟ್ಟು ನಮ್ಮ ಕುಸ್ತಿಯಲ್ಲೂ ಇದೆ. ಬೆಳಗಾವಿ, ಕೊಲ್ಲಾಪುರ ಕಡೆ ಕಲಾಜಂಗ್ ಅನ್ನುತ್ತಾರೆ. ಒಂದು ತೋಳು ಹಿಡಿದು, ಕಂಕುಳ ಕೆಳಗೆ ತಲೆ ತೂರಿಸಿ, ಇನ್ನೊಂದು ಕೈಯನ್ನು ತೊಡೆಯ ನಡುವೆ ಹಾಕಿ, ಕುರಿಮರಿ ಹೊತ್ತ ಹಾಗೆ ಹೆಗಲಿಗೆ ಎತ್ತುವುದು.

ಅದನ್ನು ನಾನು ಮರೆಯುವ ಹಾಗಿಲ್ಲ. ದಸರಾ ಕುಸ್ತಿಯಲ್ಲಿ ನನಗೆ ಜೋಡಿ ಕಟ್ಟಿದ್ದರು. ದೊಡ್ಡಕೆರೆ ಮೈದಾನ, ದೇವರಾಜ ಅರಸು ಅಖಾಡ, ಜನ ಕಿಕ್ಕಿರಿದಿದ್ದರು. ಎದುರಿಗೆ ನನಗಿಂತ ಗೇಣುದ್ದ ಕುಳ್ಳ. ನಾಲ್ಕನೇ ನಿಮಿಷಕ್ಕೆ ಕಲಾಜಂಗ್ ಹಾಕಿ ಚಿತ್ ಮಾಡಿದ. ತಮಟೆ ಅವನ ಕಡೆಗೆ ಓಡಿತು.

ಒಂದು ತಿಂಗಳು ನಾನು ಹೇಳಿಕೊಂಡು ತಿರುಗಿದ್ದು ಒಂದೇ ಮಾತು. ಮಳೆ ಬಂದು ಮಣ್ಣು ಒದ್ದೆಯಾಗಿತ್ತು, ಕಾಲು ಜಾರಿತು. ಟೀ ಅಂಗಡಿಯವನಿಗೂ ಬಾಯಿಪಾಠ ಆಗಿತ್ತು. ವಸ್ತಾದರು ಅದನ್ನು ಕೇಳಿಸಿಕೊಂಡರು, ಏನೂ ಅನ್ನಲಿಲ್ಲ. ಒಂದು ಬೆಳಗ್ಗೆ ಹದಿನಾಲ್ಕು ವರ್ಷದ ಒಬ್ಬ ಹುಡುಗನನ್ನು ಕರೆದು, "ಇವನ ಜೊತೆ ಹಿಡಿ" ಅಂದರು. ನನಗೆ ಅವಮಾನ. ಮೀಸೆ ಬಂದಿಲ್ಲ ಅದಕ್ಕೆ. ಹಿಡಿದೆ. ಹುಡುಗ ನನ್ನ ಕಂಕುಳ ಕೆಳಗೆ ತೂರಿಬಿಟ್ಟ. ಎತ್ತೋಕೆ ಶಕ್ತಿ ಸಾಲಲಿಲ್ಲ ಪಾಪ, ಆದರೆ ತೂರಿದ. ಇನ್ನೊಂದು ಸಲ. ಮತ್ತೆ ತೂರಿದ. ಹತ್ತು ಸಲಕ್ಕೆ ಎಂಟು ಸಲ. ಅವತ್ತು ಮಣ್ಣು ಒಣಗಿ ಪುಡಿಪುಡಿಯಾಗಿತ್ತು.

ಆಗ ನನ್ನ ಬಲಗೈ ನೋಡಿಕೊಂಡೆ. ಎದುರಿನವನು ಕುಳ್ಳ ಆದರೆ ಸಾಕು, ಅದು ತಾನಾಗಿ ಹೋಗಿ ಅವನ ಕತ್ತಿನ ಮೇಲೆ ಕೂರುತ್ತಿತ್ತು. ನಾನು ಅದರ ಮೇಲೆ ಭಾರ ಹಾಕಿ ಹಾಯಾಗಿ ನಿಲ್ಲುತ್ತಿದ್ದೆ. ದಣಿವಾರಿಸಿಕೊಳ್ಳಲು. ಕಂಕುಳು ದೇವಸ್ಥಾನದ ಬಾಗಿಲಿನ ಹಾಗೆ ತೆರೆದಿರುತ್ತಿತ್ತು. ಅದನ್ನು ನಾನು ಎದುರಾಳಿಯನ್ನು 'ಒತ್ತಿ ಹಿಡಿಯುವುದು' ಅಂತ ತಿಳಿದಿದ್ದೆ. ನನ್ನ ಹೆಮ್ಮೆಯ ಹಿಡಿತ ಅದು.

ವಸ್ತಾದರು ಅವತ್ತೂ ಏನೂ ಹೇಳಲಿಲ್ಲ. ಹುಡುಗನಿಗೆ ಮಾತ್ರ ಎರಡು ಬಾಳೆಹಣ್ಣು ಕೊಟ್ಟರು.

ವಜ್ರಮುಷ್ಟಿ ಬಗ್ಗೆ ಹುಬ್ಬಳ್ಳಿ ತಮ್ಮ ಕೇಳಿದ್ದಾನೆ. ಕಾಳಗದಲ್ಲಿ ಯಾರೂ ನೋಡಿಕೊಳ್ಳುವುದಿಲ್ಲ, ಸರಿ. ಇಳಿಯುವ ಮುಂಚಿನ ತಯಾರಿಯಲ್ಲಿ ಏನು ಮಾಡುತ್ತಾರೆ ಅಂತ ಜಟ್ಟಿ ಮನೆತನದವರನ್ನು ಕೇಳಬೇಕು. ನಾನು ಆ ಮನೆತನದವನಲ್ಲ, ಹೇಳಲಾರೆ.

ಹುಬ್ಬಳ್ಳಿ_ಗುದ್ದು

ಹುಡುಗನಿಗೆ ಬಾಳೆಹಣ್ಣು ಕೊಟ್ಟ ವಸ್ತಾದರಿಗೆ ನಮಸ್ಕಾರ ರೀ. ನಾನು ಜಗಳ ಬಿಟ್ಟೆ. ಒಂದು ಮಾತು ಮಾತ್ರ ಬಿಡಲ್ಲ. ನೋಡಿಕೊಳ್ಳುವುದು ಹೊರಗೆ. ಹಗ್ಗದ ಒಳಗೆ ಬಂದ ಮೇಲೆ ಬರೀ ಆಡುವುದು.

ಬಿದಿರು_ಕತ್ತಿ, ನಗೋಯಾ

ಅದನ್ನು ಇಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಆ ಒಂದು ನಿಮಿಷ ಕಣ್ಣು ಮುಚ್ಚಿ ಕೂರುವುದು ಆಟದ ಮುಂಚೆ, ಆಟದ ಆಮೇಲೆ. ನಡುವೆ ಬರೀ ಕೂಗಾಟ.

ಕಂದು_ಬೆಲ್ಟು, ಬೆಂಗಳೂರು

ಒಂಬತ್ತು ದಿನ ಆಯಿತು, ವರದಿ ಒಪ್ಪಿಸುತ್ತೇನೆ.

ನನ್ನ ಮ್ಯಾಟ್ ಮೇಲೆ ಮಣ್ಣಿಲ್ಲ, ಅದಕ್ಕೆ ಫೋನ್ ಇಟ್ಟೆ. ಗೋಡೆ ಪಕ್ಕ ನೀರಿನ ಬಾಟಲಿಗೆ ಒರಗಿಸಿ, ರಂದೋರಿ, ಅಂದರೆ ಜೊತೆಗಾರರ ಜೊತೆ ಆಡುವ ಅಭ್ಯಾಸದ ಆಟ, ಪೂರ್ತಿ ರೆಕಾರ್ಡ್ ಮಾಡಿದೆ. ಮೂರು ದಿನ, ಹನ್ನೊಂದು ಸುತ್ತು. ಮೊದಲ ಸಲ ನೋಡಿದಾಗ ಏನೂ ಕಾಣಲಿಲ್ಲ. ಕಂಡಿದ್ದು ಬರೀ ನನ್ನ ಹೊಟ್ಟೆ. ಎರಡನೇ ಸಲವೂ ಹಾಗೇ, ನಾನು ಚೆನ್ನಾಗಿ ಆಡಿದ ಕಡೆ ನಿಲ್ಲಿಸಿ ನಿಲ್ಲಿಸಿ ನೋಡಿದೆ, ಸುಳ್ಳು ಯಾಕೆ ಹೇಳಲಿ.

ಮೂರನೇ ಸಲ ಟೀಚರ್ ಹೇಳಿದ ಹಾಗೆ ಒಂದೇ ಪ್ರಶ್ನೆ ಇಟ್ಟುಕೊಂಡೆ. ಬೀಳುವ ಎರಡು ಸೆಕೆಂಡ್ ಮುಂಚೆ ಬಲ ಹಿಮ್ಮಡಿ ಎಲ್ಲಿದೆ? ಮಿಕ್ಕಿದ್ದು ಏನೂ ನೋಡುವುದಿಲ್ಲ ಅಂತ ಪರದೆಯ ಮೇಲಿನ ಅರ್ಧಕ್ಕೆ ಹಾಳೆ ಅಂಟಿಸಿದೆ. ಕಾಲು ಮಾತ್ರ ಕಾಣುವ ಹಾಗೆ. ಆರು ಸಲ ಒಸೋತೋ ಗಾರಿಗೆ ಬಿದ್ದಿದ್ದೆ. ಆರರಲ್ಲಿ ಐದು ಸಲ ಒಂದೇ ಕಥೆ. ನಾನು ಹಗುರವಾಗಿ, ಪಾದದ ಮುಂಭಾಗದ ಮೇಲೆ ಓಡಾಡುತ್ತಿರುತ್ತೇನೆ. ಇದ್ದಕ್ಕಿದ್ದಂತೆ ಬಲ ಹಿಮ್ಮಡಿ ನೆಲಕ್ಕೆ ಊರುತ್ತದೆ. ಮರುಗಳಿಗೆ ಅವನ ಕಾಲು ಬರುತ್ತದೆ.

ಹಿಮ್ಮಡಿ ಯಾಕೆ ಊರುತ್ತದೆ? ಹಾಳೆ ತೆಗೆದು ನೋಡಿದೆ. ಸೆಯೋಇ ನಾಗೆಗೆ ನುಗ್ಗುವ ಮುಂಚೆ ನಾನು ದೊಡ್ಡದಾಗಿ ಉಸಿರು ಎಳೆದುಕೊಳ್ಳುತ್ತೇನೆ! ಎದೆ ಉಬ್ಬುತ್ತದೆ, ಭುಜ ಕಿವಿಯ ಹತ್ತಿರ ಬರುತ್ತದೆ, ಗದ್ದ ಮೇಲೆ, ಭಾರ ಹಿಂದಕ್ಕೆ. ಬಾವಿಗೆ ಹಾರುವ ಹುಡುಗನ ಹಾಗೆ. 23 ಸಲ 'ದಮ್ಮು ಸಾಲಲಿಲ್ಲ' ಅಂತ ಬರೆದಿದ್ದೆನಲ್ಲ, ಅದಕ್ಕೆ ಪರಿಹಾರ ಅಂತ ನನ್ನ ಮೈ ಕಂಡುಕೊಂಡ ದಾರಿ ಇದು ಇರಬೇಕು.

ಮಂಗಳವಾರ ನನ್ನ ಖಾಯಂ ಜೊತೆಗಾರನಿಗೆ ವಿಡಿಯೋ ತೋರಿಸಿದೆ. ಅವನು ನೋಡಲೂ ಇಲ್ಲ.

"ಇದಾ? ಇದು ನಿಂಗೆ ಗೊತ್ತಿರ್ಲಿಲ್ವಾ?"

"ನಿಂಗೆ ಗೊತ್ತಿತ್ತಾ?"

"ಎರಡು ವರ್ಷದಿಂದ. ಮೂಗಲ್ಲಿ ಸೊಯ್ ಅಂತ ಸೌಂಡ್ ಬರುತ್ತೆ ಮಾರಾಯ. ನಾವೆಲ್ಲ ಅದಕ್ಕೇ ಕಾಯೋದು."

ಎಲ್ಲರೂ ಅಂತೆ. ಹೊಸದಾಗಿ ಸೇರಿದ ಹುಡುಗರಿಗೂ ಹೇಳಿಕೊಟ್ಟಿದ್ದಾರಂತೆ. ಯಾಕೆ ಹೇಳಲಿಲ್ಲ ಅಂದರೆ, "ನೀನು ಯಾವತ್ತೂ ಕೇಳ್ಲಿಲ್ಲ. ಬಿದ್ದ ತಕ್ಷಣ ಎದ್ದು ದಮ್ಮು ಸಾಲ್ಲಿಲ್ಲ ಅಂತಿದ್ದೆ. ಹೌದು ಅಂತ ನಾವೂ ಸುಮ್ನಾಗ್ತಿದ್ವಿ" ಅಂದ.

14 ತಿಂಗಳು ಡೈರಿ. ಉತ್ತರ ಮಾತ್ರ ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿತ್ತು.

ಕಡ್ಲೆಪುರಿ

ಸೊಯ್!

ಬಿಳಿ_ಬೆಲ್ಟು_ಅಮ್ಮ, ಮಂಗಳೂರು

ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ತಪ್ಪು ತಿಳಿಯಬೇಡಿ. ದಿಂಬಿನ ಅಭ್ಯಾಸ ಶುರುವಾಗಿದೆ. ಮಗಳು ದಿನಾ ಇಪ್ಪತ್ತು ಅಂದರೆ ನಲವತ್ತು ಎಸೆಯುತ್ತಾಳೆ. ನಿನ್ನೆ ಬರೆದಿದ್ದು: "ಹನ್ನೆರಡು ಸಲ ಕಣ್ಣು ತೆರೆದೇ ಇತ್ತು." ಸೋಮವಾರ ಕ್ಲಾಸಿಗೆ ಹೋಗುತ್ತಿದ್ದೇನೆ.

ಕಟಾ_ಟೀಚರ್, ಶಿವಮೊಗ್ಗ

ಅಕ್ಕಾ, ಹೋಗಿ ಬನ್ನಿ. ಕಂದು ಬೆಲ್ಟು ಅವರೇ, ಅರ್ಧ ಪರದೆಗೆ ಹಾಳೆ ಅಂಟಿಸಿದ್ದನ್ನು ನಾನು ಕದಿಯುತ್ತಿದ್ದೇನೆ. ಈಗ ಉಸಿರಿಗೆ ಏನು ಮಾಡುತ್ತೀರಿ?

ಕಂದು_ಬೆಲ್ಟು, ಬೆಂಗಳೂರು

ಉಚಿಕೋಮಿ, ಅಂದರೆ ಎಸೆಯದೆ ಬರೀ ಒಳಗೆ ನುಗ್ಗುವುದನ್ನು ಮತ್ತೆ ಮತ್ತೆ ಮಾಡುವ ಅಭ್ಯಾಸ, ಮಾಡುವಾಗ ಜೋರಾಗಿ ಒಂದು, ಎರಡು, ಮೂರು ಎಣಿಸುತ್ತಾ ಒಳಗೆ ನುಗ್ಗುತ್ತಿದ್ದೇನೆ. ಬಾಯಲ್ಲಿ ಎಣಿಸುವಾಗ ಉಸಿರು ಎಳೆದುಕೊಳ್ಳಲು ಆಗುವುದಿಲ್ಲ. ಹುಬ್ಬಳ್ಳಿಯವರ ಕಿವಿಯಿಂದ ಹೊಳೆದಿದ್ದು, ಅವರಿಗೆ ಒಂದು ದೋಸೆ ಬಾಕಿ.

ನಿನ್ನೆ ರಂದೋರಿಯಲ್ಲಿ ಸೊಯ್ ಇಲ್ಲದೆ ನುಗ್ಗಿದೆ. ಜೊತೆಗಾರ ಕಾಯುತ್ತಾ ನಿಂತಿದ್ದ, ಪಾಪ, ಸೌಂಡ್ ಬರಲೇ ಇಲ್ಲ. ಹೊತ್ತು ಹಾಕಿದೆ. ಎರಡನೇ ಸುತ್ತಿನಲ್ಲಿ ಅವನು ಬೇರೆ ಏನೋ ಮಾಡಿ ನನ್ನನ್ನು ಹಿಂದಕ್ಕೆ ಕೆಡವಿದ. ಒಸೋತೋ ಗಾರಿ ಅಲ್ಲ. ಇದು ಹೊಸದು.

ಗರಡಿ_ಮಣ್ಣು, ಮೈಸೂರು

ಯಾವ ಭುಜ ಮೊದಲು ನೆಲಕ್ಕೆ ತಾಗಿತು?

ಕಂದು_ಬೆಲ್ಟು, ಬೆಂಗಳೂರು

ಟ್ಯೂಬ್ ಲೈಟ್ ನೋಡುತ್ತಿದ್ದೆ ಅಣ್ಣಾ. ಗುರುವಾರ ಅವನನ್ನೇ ಕೇಳಿ ಹೇಳುತ್ತೇನೆ.